ರಮ್ಯಶ್ರೀಯ ಮುಂದಿನ ಸ್ಲೈಡ್

28 ಜನವರಿ
"ಬಂದ ಎಲ್ಲರಿಗೂ ಕೃತಜ್ಞತೆ. ದಯವಿಟ್ಟು ನನಗೆ ಸಾಂತ್ವನ ಹೇಳಬೇಡಿ. ನಾನು ಅದಕ್ಕೆ ಅರ್ಹನಲ್ಲ."
ಮಗಳು ರಮ್ಯಶ್ರೀಯ ಉತ್ತರಕ್ರಿಯೆಯ ಊಟಕ್ಕೆ ಮೊದಲು ಇಷ್ಟು ಹೇಳಿ ಕುಳಿತೆ. ವಿನಯವೆಂದು ತಿಳಿದರು.
ಕೈ ತೊಳೆಯುವಲ್ಲಿ ವಸಂತ ಹೆಗಲು ಹಿಡಿದ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನನ್ನ ಜೊತೆಗಾರ.
"ಎಂಥ ಮಗಳು ಮಾರಾಯ! ಆದ್ರೂ ಆ ದಿನ ಒಂದೇ ಪ್ರಶ್ನೆಯಲ್ಲಿ ಅವಳನ್ನು ಕೂರಿಸಿಬಿಟ್ಟೆಯಲ್ಲ! ವೀಡಿಯೋ ಈಗ್ಲೂ ಗ್ರೂಪಿನಲ್ಲಿ ತಿರುಗ್ತಾ ಉಂಟು. ಫೆಬ್ರವರಿ ಒಂಬತ್ತಕ್ಕೆ ಶ್ರದ್ಧಾಂಜಲಿ ಸಭೆಯಲ್ಲಿ ಅದನ್ನೇ ಹಾಕುವ."
ಬೇಡವೆನ್ನದೆ ಕೈ ಒರೆಸಿಕೊಂಡೆ. ಒಪ್ಪಿಗೆ ಎಂದುಕೊಂಡ.

2 ಫೆಬ್ರವರಿ
ವೀಡಿಯೋ ನೋಡಿದೆ. ಮೂಡುಬಿದಿರೆ, ಕಾಲೇಜು ಸಭಾಂಗಣ, ಡಿಸೆಂಬರ್. ರಮ್ಯಶ್ರೀ ತನ್ನ ಸಂಶೋಧನೆ ವಿವರಿಸುತ್ತಿದ್ದಾಳೆ. ಎಳೆಯ, ಭಾರೀ ನಕ್ಷತ್ರಗಳ ಒಂದು ಗುಚ್ಛ; ಅಲ್ಲಿಂದ ಪ್ರಬಲ ಗಾಮಾ ಕಿರಣಗಳು. ನಕ್ಷತ್ರಗಳಿಂದ ಬೀಸುವ ಗಾಳಿ ಒಂದಕ್ಕೊಂದು ಅಪ್ಪಳಿಸಿ ಕಣಗಳಿಗೆ ಆ ಕಿರಣ ಹೊಮ್ಮಿಸುವಷ್ಟು ವೇಗ ಕೊಡುತ್ತದೆ — ಇದು ಅವಳ ಪಕ್ಷ.
ಸಭೆಯ ನಡುವಿನಿಂದ ನಾನು ಏಳುತ್ತೇನೆ. "ನಕ್ಷತ್ರವೊಂದು ಸತ್ತು ಸ್ಫೋಟಿಸಿರಬೇಕು. ಇಲ್ಲವಾದರೆ ಇಷ್ಟು ಶಕ್ತಿ ಎಲ್ಲಿಂದ, ಕುಮಾರಿ ರಮ್ಯಶ್ರೀ?" ಚಪ್ಪಾಳೆ. ಅವಳು ಬಾಯಿ ತೆರೆಯುತ್ತಾಳೆ. "ಉತ್ತರವಿಲ್ಲವೆಂದಾಯಿತು" — ಸಭೆಗೆ ಕೈಮುಗಿಯುತ್ತೇನೆ. ನಗು. ಅವಳು ಲ್ಯಾಪ್‌ಟಾಪ್ ಮುಚ್ಚುತ್ತಾಳೆ.
ಅವಳಿಗೆ ಮಿದುಳು ಜ್ವರ ಬರುವ ತನಕ ಮೂರು ವಾರ ಒಂದೇ ಮನೆಯಲ್ಲಿದ್ದೆವು. ಉತ್ತರವೇನಿತ್ತೆಂದು ನಾನು ಕೇಳಲಿಲ್ಲ. ಗೆದ್ದವನು ಕೇಳುವುದಿಲ್ಲ...

6 ಫೆಬ್ರವರಿ
ನಾರಾವಿಯಿಂದ ವಿಸ್ಮಿತಾ ಬಂದಳು. ರಮ್ಯಳ ಜೊತೆ ಸಂಶೋಧನೆ ಮಾಡುತ್ತಿದ್ದವಳು.
"ಸರ್, ಅವಳು ಹೇಳ್ಲಿಕ್ಕೆ ಹೊರಟದ್ದು ಮುಂದಿನ ಸ್ಲೈಡಲ್ಲೇ ಉಂಟು."
ತೋರಿಸಿದಳು. ಗುಚ್ಛದ ವಯಸ್ಸು ಇಪ್ಪತ್ತು ಲಕ್ಷ ವರ್ಷ. ನಕ್ಷತ್ರಗಳ ಲೆಕ್ಕದಲ್ಲಿ ಶೈಶವ. ಸಾಯುವ ವಯಸ್ಸಾದದ್ದು ಅಲ್ಲಿ ಒಂದೂ ಇಲ್ಲ; ಹಾಗಾಗಿ ಸ್ಫೋಟವೂ ಇಲ್ಲ.
"ಇಷ್ಟೇಯಾ?"
"ಇಷ್ಟೇ ಸರ್. ನೀವು ಅರ್ಧ ನಿಮಿಷ ಕೂತಿದ್ರೆ ಸಾಕಿತ್ತು."
ಶ್ರೀಲಕ್ಷ್ಮಿ ಕಾಫಿ ತಂದಿಟ್ಟಳು. "ಇವರಿಗೆ ಕೂತು ಗೊತ್ತುಂಟಾ? ಸಾರಿಗೆ ಉಪ್ಪು ಹೆಚ್ಚಾಯ್ತು ಅಂದ್ರೂ ಪರ–ವಿರೋಧ! ಆ ವೀಡಿಯೋ ಬೇಡ ಅಂತ ವಸಂತಣ್ಣನಿಗೆ ಹೇಳಿ. ನನ್ನ ಮಗಳು ಸೋತದ್ದನ್ನು ಊರು ಇನ್ನೊಮ್ಮೆ ನೋಡುವುದು ಬೇಡ."
ಹೆಂಡತಿಯ ಮಾತಿಗೆ ಪ್ರತಿವಾದ ಸಿದ್ಧವಿತ್ತು. ನುಂಗಿಕೊಂಡೆ.

8 ಫೆಬ್ರವರಿ, ಸಂಜೆ
ವಸಂತನಿಗೆ ಫೋನ್ ಮಾಡಿದೆ. ನಾಳೆ ವೀಡಿಯೋ ಹಾಕಲಿ. ಚಪ್ಪಾಳೆಯೂ ನಗುವೂ ಪೂರ್ತಿ ಕೇಳಲಿ. ಬಳಿಕ ವಿಸ್ಮಿತಾ ಆ ಸ್ಲೈಡ್ ತೋರಿಸುತ್ತಾಳೆ, ಅವಳು ಒಪ್ಪಿದ್ದಾಳೆ. ಕೊನೆಗೆ ನಾನು ಎದ್ದು ನಿಂತು, ನನ್ನ ಮಗಳಿಗೆ ಉತ್ತರ ಗೊತ್ತಿತ್ತು, ಹೇಳಲು ನಾನು ಬಿಡಲಿಲ್ಲ, ಎನ್ನುತ್ತೇನೆ. ಇದು ನನ್ನೊಬ್ಬನ ನಿರ್ಧಾರ.
ಶ್ರೀಲಕ್ಷ್ಮಿಗೆ ತಿಳಿಸಿಲ್ಲ. ತಿಳಿಸಿದರೆ ಬೇಡವೆನ್ನುತ್ತಾಳೆ. ನಾನು ವಾದಿಸುತ್ತೇನೆ, ಗೆಲ್ಲುತ್ತೇನೆ. ಆದ್ದರಿಂದ ಅವಳಿಗೂ ಹೇಳಲು ಬಿಡದೆ —