ಹನ್ನೆರಡು ಚೀಟಿಗಳು

ತೋಂಗ್ ಮೇಸ್ತ್ರೀ,

ನೀವು ಸತ್ತು ಆರು ವರ್ಷವಾಯಿತು. ಓದುವುದಿಲ್ಲವೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಇವತ್ತು ನಿಮ್ಮ ಮಗಳು ಯಾಚಿನ್ ದಾಲಿಯನ್ ನಗರದಿಂದ ಬಂದಿದ್ದಳು. ಈ ಮಸಿ ಹಿಡಿದ ಊರನ್ನು ನೋಡಲು ಯಾವನು ಬರುತ್ತಾನೆ? ಅವಳಿಗೆ ಅಪ್ಪ ದುಡಿದ ಉಕ್ಕಿನ ಕುಲುಮೆ ನೋಡಬೇಕಿತ್ತಂತೆ. ಮುಚ್ಚಿದ ಕಾರ್ಖಾನೆಯ ಗೇಟಿನ ತನಕ ಕರೆದೊಯ್ದೆ.

"ಇಷ್ಟೇನಾ ಚಿಕ್ಕಪ್ಪಾ? ಅಪ್ಪ ಹೇಳೋದು ಕೇಳಿ ಅರಮನೆ ಅಂದ್ಕೊಂಡಿದ್ದೆ."

"ಕುಡಿದ್ರೆ ನಿಮ್ಮಪ್ಪ ಕಕ್ಕಸನ್ನೂ ಅರಮನೆ ಅಂತಿದ್ರು."

ನಕ್ಕಳು. ಆಮೇಲೆ ಕೇಳಿದಳು, "ತನ್ನ ಹೆಸರು ತಾನೇ ಬರೆದು ಕೆಲಸ ಬಿಟ್ಟೆ ಅಂತಿದ್ರು. ನಿಜಾನಾ?"

ಆ ವರ್ಷ ಕಾರ್ಖಾನೆಯವರ ಆದೇಶದಂತೆ ನಮ್ಮ ತಂಡದ ಹನ್ನೆರಡು ಜನರಲ್ಲಿ ಒಬ್ಬನನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಬೇಕಿತ್ತು. ಯಾರನ್ನೆಂದು ನಾವೇ ಗುಟ್ಟಾಗಿ ಚೀಟಿಯಲ್ಲಿ ಬರೆಯಬೇಕಿತ್ತು. ನಾನು ನಿಮ್ಮ ಹೆಸರು ಬರೆದೆ. ನಿಮ್ಮಂಥವರ ಹೆಸರನ್ನು ಬೇರೆ ಯಾವನೂ ಬರೆಯುವುದಿಲ್ಲ, ನನ್ನ ಚೀಟಿ ಯಾರಿಗೂ ತಗಲದೆ ಹಾಳಾಗಲಿ ಎಂದುಕೊಂಡೆ. ಎಣಿಸಿದವನೂ ನಾನೇ. ಹನ್ನೆರಡರಲ್ಲೂ ನಿಮ್ಮ ಹೆಸರಿತ್ತು. ಉಳಿದ ಹತ್ತು ಬಡ್ಡಿಮಕ್ಕಳೂ ನನ್ನ ಹಾಗೆಯೇ ಯೋಚಿಸಿದ್ದರು. ಒಂದರಲ್ಲಿ ಮಾತ್ರ ನಿಮ್ಮದೇ ಕೈಬರಹ. ಎಲ್ಲವನ್ನೂ ಕುಲುಮೆಗೆ ಎಸೆದು, "ನೀವೇ ಮೇಸ್ತ್ರೀ" ಎಂದೆ. ಎಷ್ಟು ಚೀಟಿ ಎಂದು ನೀವು ಕೇಳಲಿಲ್ಲ.

"ನಿಜ," ಎಂದೆ ಯಾಚಿನ್‌ಗೆ.

"ಹಾಗಾದ್ರೆ ಅಪ್ಪನ್ನ ಯಾರೂ ಹೊರಗೆ ತಳ್ಳಲಿಲ್ಲ!" ಎಂದು ನನ್ನ ಕೈ ಹಿಡಿದುಕೊಂಡು ಅತ್ತಳು. ಕೈ ಬಿಡಿಸಿಕೊಳ್ಳುವ ಧೈರ್ಯ ನನಗಾಗಲಿಲ್ಲ.

ರೈಲು ಹತ್ತುವಾಗ ಹೇಳಿದಳು, "ಮುಂದಿನ ವರ್ಷ ಮಗಳನ್ನೂ ಕರ್ಕೊಂಡು ಬರ್ತೀನಿ. ತಾತನ ಈ ಕಥೆ ನಿಮ್ಮ ಬಾಯಲ್ಲೇ ಕೇಳ್ಬೇಕು ಅವಳು."

ಹೇಳುತ್ತೇನೆ ಎಂದೆ.

ನಿಮ್ಮ ಕೈಕೆಳಗೆ ಕೆಲಸ ಕಲಿತ,
ಲುವಾನ್