ಶಹೀರಾಳ ಕತ್ತಿನಲ್ಲಿದ್ದದ್ದು ಕೊಳೆಯಲ್ಲ

ಶಾಲಾ ಆರೋಗ್ಯ ಇಲಾಖೆಯ ಮಾನ್ಯ ನಿರ್ದೇಶಕರೇ,

ಹದಿಮೂರು ವರ್ಷದ ಹುಡುಗಿಯೊಬ್ಬಳ ಕಾಲರನ್ನು ಪೆನ್ನಿನ ತುದಿಯಿಂದ ಎತ್ತಿ, ಇಡೀ ತರಗತಿಯ ಎದುರು, "ನಿಮ್ಮನೇಲಿ ನಲ್ಲಿ ಇಲ್ವೇನಮ್ಮಾ? ಕತ್ತಲ್ಲಿ ಈ ಪಾಟಿ ಕೊಳೆ ಬೆಳೆಸ್ಕೊಂಡಿದ್ದೀಯ!" ಎಂದಿದ್ದು ತಮಗೆ ನೆನಪಿರಲಿಕ್ಕಿಲ್ಲ. ತಮಗದು ಮಕ್ಕಳಿಗೆ ಸೋಪು ಹಂಚಿದ ಸ್ವಚ್ಛತಾ ಸಪ್ತಾಹದ ಒಂದು ಬೆಳಗು, ಅಷ್ಟೆ. ಆ ಹುಡುಗಿ ಶಹೀರಾ, ನನ್ನ ತಂಗಿ ಸಫಿನಾಜ್‌ಳ ಮಗಳು. ಬೆರಳಿನಿಂದ ಮುಟ್ಟಲೂ ತಮಗೆ ಹೇಸಿಗೆಯಾಯಿತಲ್ಲ, ಆ ಹೇಸಿಗೆಯನ್ನು ಅದರ ನಿಜವಾದ ವಿಳಾಸಕ್ಕೆ ತಲುಪಿಸಲು ಈ ಪತ್ರ.

ಮನೆಗೆ ಬಂದ ಹುಡುಗಿ ಊಟ ಮುಟ್ಟಲಿಲ್ಲ. ಶಾಲೆಯಲ್ಲಿ ಆದದ್ದನ್ನು ಕೇಳಿ ಸಫಿನಾಜ್ ಅವಮಾನದಿಂದ ಕುದಿದುಹೋದಳು. ತಂತಾ ಪಟ್ಟಣದಲ್ಲಿ ಅವಳಷ್ಟು ಬಿಳುಪಾಗಿ ಬಟ್ಟೆ ಒಗೆಯುವವರನ್ನು ನಾನು ಕಂಡಿಲ್ಲ. ಅಂಥವಳು ಮಗಳನ್ನು ಬಚ್ಚಲಿಗೆ ಎಳೆದೊಯ್ದು, ನಿಂಬೆಹಣ್ಣು ಹಿಂಡಿ, ಒಣ ಹೀರೆನಾರಿನಿಂದ ಉಜ್ಜತೊಡಗಿದಳು. ನಾನು ಹೋದಾಗ ಹುಡುಗಿ ಗೋಡೆ ಹಿಡಿದು ನಿಂತಿದ್ದಳು.

"ಬಿಡೇ ಸಫೀ, ರಕ್ತ ಬರ್ತಿದೆ!" ಎಂದೆ.

"ಬರ್ಲಿ ಬಿಡಕ್ಕ! ಕೊಳೆಯಾದ್ರೂ ಹೋಗ್ಲಿ. ನಾನು ಮಗಳಿಗೆ ಸ್ನಾನ ಮಾಡಿಸಲ್ಲ ಅಂತ ಊರೆಲ್ಲ ಆಡ್ಕೊಳ್ತಿದೆ!"

ಶಹೀರಾ ಅಳಲಿಲ್ಲ. "ಇನ್ನೂ ಸ್ವಲ್ಪ ಉಜ್ಜಮ್ಮ" ಎಂದಳು. ನಿರ್ದೇಶಕರೇ, ತಮ್ಮ ಸಪ್ತಾಹದ ಸಾಧನೆಗಳಲ್ಲಿ ಈ ಮಾತನ್ನೂ ಸೇರಿಸಿಕೊಳ್ಳಿ.

ಗಾಯ ಕೀವುಗಟ್ಟಿದ ಮೇಲೆ ಅವಳನ್ನು ಚರ್ಮವೈದ್ಯೆ ಮುಫೀದಾ ಅವರ ಬಳಿ ನಾನೇ ಕರೆದೊಯ್ದೆ. ಅವರು ಬರಿಗೈಯಿಂದಲೇ ಕತ್ತು ಮುಟ್ಟಿ ನೋಡಿದರು. "ಉಜ್ಜಿದ್ದು ಸಾಕು. ಇದು ಕೊಳೆ ಅಲ್ಲ, ಚರ್ಮಾನೇ ಹೀಗಾಗಿದೆ. ಶಾಲೇಲಿ ಏನು ಕುಡೀತೀಯ ಮರಿ?"

"ಸೋಡಾ."

"ನೀರು?"

"ಅಂಗಳದ ನಲ್ಲಿ ಕೆಟ್ಟೋಗಿದೆ ಡಾಕ್ಟ್ರೇ. ಕಕ್ಕಸಿನ ನಲ್ಲೀಲಿ ಮಾತ್ರ ಬರುತ್ತೆ."

ರಕ್ತಪರೀಕ್ಷೆಯಲ್ಲಿ ಹುಡುಗಿ ಸಕ್ಕರೆ ಕಾಯಿಲೆಯ ಹೊಸ್ತಿಲಿಗೆ ಬಂದು ನಿಂತಿದ್ದು ಗೊತ್ತಾಯಿತು. ವೈದ್ಯೆ ನನ್ನನ್ನು ಕೂರಿಸಿಕೊಂಡು ಹೇಳಿದರು: "ದಿನವಿಡೀ ಸಿಹಿ ಹೋಗ್ತಾ ಇದ್ರೆ ಮೈ ಅದನ್ನ ಸಂಭಾಳಿಸೋಕೆ ಇನ್ಸುಲಿನ್ ಸುರಿಸ್ತಾನೇ ಇರುತ್ತೆ. ಅದು ಅತಿಯಾದಾಗ ಕತ್ತು, ಕಂಕುಳಲ್ಲಿ ಚರ್ಮ ದಪ್ಪಗಾಗಿ ಕಪ್ಪಾಗುತ್ತೆ. ಕೆನ್ನೆ ಮೇಲಿನ ಮೊಡವೆಗೂ ಇದು ತುಪ್ಪ ಸುರಿಯುತ್ತೆ. ಸಕ್ಕರೆಯೊಂದನ್ನೇ ದೂರೋಕಾಗಲ್ಲ, ತೂಕ ಇದೆ, ವಂಶ ಇದೆ. ಆದ್ರೆ ಬದಲಾಯಿಸೋಕೆ ನಮ್ಮ ಕೈಲಿರೋದು ಇದೇ."

ಮನೆಯ ಚಹಾದಲ್ಲೂ ಸಕ್ಕರೆ ಚಮಚ ನಿಲ್ಲುವಷ್ಟಿತ್ತು. ಆ ಪಾಲಿನ ತಪ್ಪು ನಮ್ಮದು, ಅದನ್ನು ತಿದ್ದಿಕೊಂಡೆವು. ಆದರೆ ಶಾಲೆಯಂಗಳದಲ್ಲಿ, ಕೆಟ್ಟ ನಲ್ಲಿಗೆ ಅಂಟಿಕೊಂಡಂತೆ, ಸೋಡಾ ಬಾಟಲಿಗಳಿಂದ ತುಂಬಿದ ಆ ಕೆಂಪು ಫ್ರಿಜ್ಜನ್ನು ನಿಲ್ಲಿಸಿದವರು ಯಾರು? ಮಕ್ಕಳಿಗೆ ಕುಡಿಯಲು ಸಕ್ಕರೆಪಾಕ ಕೊಟ್ಟು, ಅದು ಮೈಮೇಲೆ ಮೂಡಿದಾಗ ಸೋಪು ಹಂಚುವ ಇಲಾಖೆಗೆ ಆರೋಗ್ಯ ಎಂಬ ಹೆಸರು ಹೇಗೆ ಅಂಟಿತು? ನಲ್ಲಿಯ ವಿಚಾರ ಎತ್ತಿದವರು ತಾವೇ ಅಲ್ಲವೇ, ಸ್ವಾಮಿ?

ಈ ಪ್ರಶ್ನೆಗಳನ್ನು ಹಿಡಿದು ತಮ್ಮ ಕಚೇರಿಗೂ ಬಂದೆ. ತಾವು ಬಸ್ಬೂಸಾದ ತಟ್ಟೆಯಿಂದ ಪಾಕ ಸೋರುವ ಆ ರವೆಸಿಹಿಯ ತುಂಡೊಂದನ್ನು ಬಾಯಿಗಿಟ್ಟುಕೊಂಡು ನಕ್ಕಿರಿ. "ಸಕ್ಕರೆಗೂ ಕತ್ತಿಗೂ ಏನಮ್ಮಾ ಸಂಬಂಧ? ಹುಡುಗಿ ಸಕ್ಕರೇನ ಕತ್ತಿಗೆ ಹಚ್ಕೊಂಡಿದ್ಳಾ?" ಪಕ್ಕದ ಗುಮಾಸ್ತನೂ ನಕ್ಕ. ಆಮೇಲೆ ತಾವು ಬೆರಳು ನೆಕ್ಕಿಕೊಳ್ಳುತ್ತ ಹೇಳಿದಿರಿ: "ಆ ಫ್ರಿಜ್ಜು ಸೋಡಾ ಕಂಪನಿಯವರು ಕೊಟ್ಟ ಉಡುಗೊರೆ. ವಾಪಸ್ ಕೊಟ್ರೆ ಮರ್ಯಾದೆ ಇರುತ್ತಾ?" ಮರ್ಯಾದೆಯ ಮಾತು! ಹೆಣ್ಣುಮಗುವಿನ ಮರ್ಯಾದೆಯನ್ನು ಬೆಂಚಿನ ಮೇಲೆ ಹರಡಿ ಬಂದವರ ಬಾಯಲ್ಲಿ! ನಾನು ಎದ್ದು ಬಂದೆ.

ಚಳಿಗಾಲ ಕಳೆಯುವಷ್ಟರಲ್ಲಿ ಶಹೀರಾಳ ಕತ್ತು ತುಸು ತಿಳಿಯಾಗಿದೆ, ರಕ್ತದ ಸಕ್ಕರೆಯೂ ಹತೋಟಿಗೆ ಬರುತ್ತಿದೆ. ಆದರೆ ಆ ಬೆಳಗಿನ ನಂತರ ಕಟ್ಟಿಕೊಂಡ ತಲೆವಸ್ತ್ರವನ್ನು ಹೆಂಗಸರೇ ಇರುವ ಮನೆಯೊಳಗೂ ಅವಳೀಗ ಸಡಿಲಿಸುವುದಿಲ್ಲ. ಕಳೆದ ವಾರ ಅವಳ ಸಹಪಾಠಿ ದೌಲತ್ ಬಂದು, ಬಾಗಿಲು ಮುಚ್ಚಿ, ತನ್ನ ಕತ್ತು ತೋರಿಸಿ ಪಿಸುಗುಟ್ಟಿದಳು: "ನಿಂಗೆ ಯಾವ ಸೋಪಿಂದ ಹೋಯ್ತೇ? ನಂಗೂ ಹೇಳೇ."

ವೈದ್ಯೆಯನ್ನು ಬಿಟ್ಟರೆ, ಶಹೀರಾ ಅವತ್ತು ಮೊದಲ ಬಾರಿಗೆ ಬೇರೆಯವರೆದುರು ತಲೆವಸ್ತ್ರ ತೆಗೆದಳು. "ನೋಡು, ಪೂರ್ತಿ ಹೋಗಿಲ್ಲ. ಸೋಪಿಂದ ಹೋಗಲ್ಲ ಕಣೇ, ಅದು ಕೊಳೆ ಅಲ್ಲ. ಉಜ್ಕೋಬೇಡ. ದೊಡ್ಡಮ್ಮ ಡಾಕ್ಟ್ರ ಹತ್ರ ಕರ್ಕೊಂಡೋಗ್ತಾರೆ."

ತಮ್ಮ ಇಡೀ ಇಲಾಖೆ ಹೇಳಬೇಕಾಗಿದ್ದ ಮಾತು ಇಷ್ಟೇ ಇತ್ತು.

ನನ್ನ ಬೇಡಿಕೆಯೂ ದೊಡ್ಡದಲ್ಲ. ಫ್ರಿಜ್ಜು ಹೋಗಲಿ, ನಲ್ಲಿಯಲ್ಲಿ ನೀರು ಬರಲಿ. ತಾವು ಅದೇ ತರಗತಿಗೆ ಬಂದು, ಅದೇ ಮಕ್ಕಳ ಎದುರು, ಅಷ್ಟೇ ದೊಡ್ಡ ದನಿಯಲ್ಲಿ, "ನಾನು ಹೇಳಿದ್ದು ತಪ್ಪು" ಎನ್ನಿ. ಶಹೀರಾಳನ್ನು ಎದ್ದು ನಿಲ್ಲಿಸಬೇಡಿ. ಅವಳು ಕೂತೇ ಕೇಳಿಸಿಕೊಳ್ಳುತ್ತಾಳೆ.

ಇಂತಿ,
ಹೆಸರಿನಲ್ಲಷ್ಟೇ ನ್ಯಾಯವನ್ನು ಕಂಡಿರುವ,
ಇನ್ಸಾಫ್,
ಈಗ ಇಬ್ಬರು ಹುಡುಗಿಯರ ದೊಡ್ಡಮ್ಮ, ತಂತಾ