ಬಿಳಿ ಕೋಟಿನ ಕಾಜಾ

ಲೀಪಾ,
ಜೂನ್ 17, ಮಂಗಳವಾರ ಬೆಳಿಗ್ಗೆ

ಮುದ್ದಿನ ಕ್ರಿಶ್ಟೋಫ್,

ನಿನ್ನ ದವಡೆ ಹಲ್ಲು ಈಗ ಹೇಗಿದೆ? ಕೀಳಿಸಿದೆಯೋ, ಇಲ್ಲ ನಿನ್ನ ತಾತನ ಹಾಗೆ ಲವಂಗ ಕಚ್ಚಿಕೊಂಡು ಡ್ರೆಸ್ಡೆನ್ ತುಂಬ ಟ್ರಾಮ್ ಓಡಿಸುತ್ತಿದ್ದೀಯೋ? ಆ ಊರಿನ ಬ್ರೆಡ್ಡು ಕಲ್ಲಿನಂತಿರುತ್ತದೆ ಎಂದು ಕೇಳಿದ್ದೇನೆ, ಸೂಪಿನಲ್ಲಿ ಅದ್ದಿಕೊಂಡು ತಿನ್ನು. ನನ್ನ ಆರೋಗ್ಯ ಕೇಳಬೇಡ. ಮಂಡಿ ನೋವು ಇದ್ದದ್ದೇ. ಕಣ್ಣಿನ ವಿಷಯ ಮುಂದೆ ಬರುತ್ತದೆ, ಬರಲೇಬೇಕು. ಬೆಳಗಿನಿಂದ ಮೂರು ಸಲ ಕಾಗದ ತೆಗೆದು ಮೂರು ಸಲ ಒಳಗಿಟ್ಟೆ. ಒಮ್ಮೆ ಕೋಳಿಗಳಿಗೆ ನೀರಿಟ್ಟಿದ್ದೇನೋ ಇಲ್ಲವೋ ನೋಡಲು ಎದ್ದೆ, ಇಟ್ಟಿದ್ದೆ. ಇನ್ನೊಮ್ಮೆ ಒಲೆ ಆರಿಸಿದ್ದೇನೋ ನೋಡಲು ಎದ್ದೆ, ಹಚ್ಚಿಯೇ ಇರಲಿಲ್ಲ. ಕೂತಲ್ಲಿ ಕೂರಲಾಗುತ್ತಿಲ್ಲ ಕಣೋ.

ಇಲ್ಲಿಯ ಸುದ್ದಿ ನಿನಗೆ ಗೊತ್ತೇ ಇದೆ. ಜುಲೈ ಮೂರಕ್ಕೆ ಇನ್ನು ಹದಿನಾರು ದಿನ. ನೂರೈವತ್ತು ಚಿಲ್ಲರೆ ವರ್ಷದ ಹಿಂದೆ ಆಸ್ಟ್ರಿಯದ ಚಕ್ರವರ್ತಿಯ ದಂಡು ನಮ್ಮ ಹೊಲಗಳಲ್ಲಿ ಪ್ರಶ್ಯದವರ ಕೈಯಲ್ಲಿ ಸೋತಿತು. ಆ ಸೋಲನ್ನು ಪ್ರತಿ ವರ್ಷ ಅದೇ ದಿನ ಅದೇ ಹೊಲದಲ್ಲಿ ಆಡಿತೋರಿಸಿ, ಇನ್ನೊಮ್ಮೆ ಸರಿಯಾಗಿ ಸೋಲಲು ನಿನ್ನ ಅಪ್ಪನ ಸಂಘದ ಹದಿನಾಲ್ಕು ಗಂಡಸರು ಚಳಿಗಾಲವೆಲ್ಲ ತಯಾರಾಗುತ್ತಾರೆ. ಈ ಸಲ ಕಾಲರಿನ ಕೆಂಪಿನ ಮೇಲೆ ಜಗಳ. ನಿನ್ನ ಅಪ್ಪ ರಾದಿಮ್ ವಿಯೆನ್ನಾದಿಂದ ಬೆರಳಗಲದ ಹಳೆಯ ಬಟ್ಟೆಯ ಚೂರಿನ ಚಿತ್ರ ತಂದಿದ್ದಾನೆ. ಅದನ್ನು ಕಿಟಕಿಯ ಹತ್ತಿರ ಹಿಡಿದರೆ ಒಂದು ಕೆಂಪು, ದೀಪದ ಕೆಳಗೆ ಹಿಡಿದರೆ ಇನ್ನೊಂದು. ನಾಲ್ಕು ಪಾತ್ರೆಯಲ್ಲಿ ಬಣ್ಣ ಕುದಿಸಿ ನನ್ನ ಅಡಿಗೆಮನೆಯ ಗೋಡೆ ಕಸಾಯಿಖಾನೆ ಮಾಡಿದ. ಬೇಕರಿಯ ಸ್ಟಿಬೋರ್ ಬಂದು, "ರಾದಿಮ್, ಗುಂಡು ತಗುಲಿ ಸಾಯೋವಾಗ ಯಾವನು ಕಾಲರ್ ನೋಡ್ತಾನಪ್ಪಾ" ಎಂದ. "ನೀನು ಸತ್ರೆ ತಾನೇ ನೋಡೋದು. ಆರು ವರ್ಷದಿಂದ ಒಂದು ಸಲನೂ ಸತ್ತಿಲ್ಲ ನೀನು" ಎಂದು ನಿನ್ನ ಅಪ್ಪ ತಿರುಗೇಟು ಕೊಟ್ಟ. ಅದು ನಿಜವೇ. ಬಿದ್ದವನ ಕೋಟನ್ನು ಬಿದ್ದವನೇ ಒಗೆಯಬೇಕು ಎಂದು ನಾನು ನಿಯಮ ಮಾಡಿದ ಮೇಲೆ ಬಿಳಿ ಕೋಟಿನವರು ಯಾರೂ ಹುಲ್ಲಿನ ಮೇಲೆ ಬೀಳುತ್ತಿಲ್ಲ. ಪ್ರಶ್ಯದವರು ಎಷ್ಟು ಗುಂಡು ಹಾರಿಸಿದರೂ ಆಸ್ಟ್ರಿಯದ ದಂಡು ನಿಂತೇ ಇರುತ್ತದೆ.

ನೀನೂ ಕಳೆದ ಬೇಸಿಗೆಯಲ್ಲಿ ಪ್ರಶ್ಯದವರ ಜೊತೆ ನಿಂತು ಹಾರಿಸಿದೆ. ಹೊಗೆ ತಿಳಿಯಾದಾಗ ಪ್ರಶ್ಯದ ನೀಲಿ ಕೋಟಿನಲ್ಲಿ ನಿನ್ನ ಮುಖ ಕಂಡಿತು. ಡ್ರೆಸ್ಡೆನ್ನಿನಲ್ಲಿದ್ದುಕೊಂಡು ಸ್ಯಾಕ್ಸನಿಯವರ ಕೋಟನ್ನಾದರೂ ಹಾಕಬಾರದಿತ್ತೇ, ಅವರು ಆ ಯುದ್ಧದಲ್ಲಿ ನಮ್ಮ ಪಕ್ಕದಲ್ಲೇ ನಿಂತವರು. ನಿನ್ನ ಅಪ್ಪನನ್ನು ಚುಚ್ಚಲೆಂದೇ ಅದನ್ನು ಆರಿಸಿಕೊಂಡೆ ಎಂದು ನನಗೆ ಗೊತ್ತು. ಚೆನ್ನಾಗಿಯೇ ಚುಚ್ಚಿತು. ಅವತ್ತು ಸಂಜೆ ಅವನು ಬೂಟನ್ನೂ ಬಿಚ್ಚದೆ ಕೊಟ್ಟಿಗೆಯಲ್ಲಿ ಕೂತಿದ್ದ. ಕ್ರಿಸ್‌ಮಸ್ಸಿಗೆ ನಿನ್ನ ತಟ್ಟೆ ಇಟ್ಟೆ. ಅವನು ಅದನ್ನು ತೆಗೆದ. ಆಮೇಲೆ ತಾನೇ ಮತ್ತೆ ತಂದಿಟ್ಟ. ಹುರಿದ ಮೀನನ್ನು ಇಬ್ಬರೂ ತಿನ್ನಲಿಲ್ಲ, ಬೆಕ್ಕು ತಿಂದಿತು.

ಇಷ್ಟೆಲ್ಲ ಬರೆಯುತ್ತಿರುವುದು ಬರೆಯಬೇಕಾದ್ದನ್ನು ಮುಂದೂಡಲು. ಸಾಕು.

ಎರಡು ವರ್ಷದ ಹಿಂದಿನ ತಪಾಸಣೆ, ಕೋಟೆಲ್ಲ ಆ ಕಾಲದ ಹಾಗೆ ಕೈಹೊಲಿಗೆಯದೇ ಎಂದು ನೋಡುವುದು. ಮೂರು ದೇಶದ ಸಂಘದವರು ಸಾಲಾಗಿ ನಿಂತು ನೋಡುತ್ತಿದ್ದರು. ನಿನ್ನ ಕೋಟನ್ನು ನೀನೇ ಹೊಲಿದುಕೊಂಡಿದ್ದೆ, ಚಳಿಗಾಲವೆಲ್ಲ ಕೂತು. ಟ್ರಾಮ್ ಪರೀಕ್ಷೆ ಹತ್ತಿರ ಬಂತೆಂದು ಗುಂಡಿ ತೂರುವ ಕಾಜಾ ಮಾತ್ರ ನನಗೆ ಬಿಟ್ಟೆ, ಯಾರಿಗೂ ಹೇಳಲಿಲ್ಲ. ನಿನ್ನ ಅಪ್ಪ ಸಾಲಿನುದ್ದಕ್ಕೂ ಬಂದು ನಿನ್ನ ಕೋಟಿನ ಅಂಚು ಮಗುಚಿದ. ಒಳಗೆ ಮಿಷನ್ನಿನ ಹಲ್ಲುಹಲ್ಲು ಹೊಲಿಗೆ. ವಿಯೆನ್ನಾದ ವಸ್ತುಸಂಗ್ರಹಾಲಯದಲ್ಲಿ ಹಳೆಯ ಕೋಟಿನ ಗಾಜಿನ ಪೆಟ್ಟಿಗೆಗೆ ಮೂಗು ಒತ್ತಿ, ಒಂದು ಕಾಜಾಕ್ಕೆ ಎಷ್ಟು ಗಂಟು ಎಂದು ಎಣಿಸಿ ಬಂದವನು ಅವನು. "ಇದ್ಯಾರ ಕೆಲಸ" ಎಂದ. ನಾನು ಹತ್ತು ಹೆಜ್ಜೆ ದೂರದಲ್ಲಿ ಬೇಳೆ ಸೂಪಿನ ಹಂಡೆಯ ಮುಂದೆ ಇದ್ದೆ. ನೀನು ನನ್ನ ಕಡೆ ಒಮ್ಮೆ ನೋಡಿದೆ. "ನಂದೇ, ಬೇಜಾರಾಯ್ತು, ಮಿಷನ್ನಿಗೆ ಹಾಕಿದೆ" ಎಂದೆ. "ಇಲ್ಲಿ ಸತ್ತವರಿಗೂ ಬೇಜಾರಾಗಿತ್ತಾ? ಸಾಲಿಂದ ಆಚೆ ಹೋಗು" ಎಂದ ಅವನು, ಎಲ್ಲರೂ ಕೇಳುವ ಹಾಗೆ. ನಾನು ಸೂಪು ತಿರುವುತ್ತಿದ್ದೆ. ತಳ ಹಿಡಿಯಬಾರದು ನೋಡು, ಅದಕ್ಕೇ ತಿರುವುತ್ತಿದ್ದೆ.

ನಾಲ್ಕು ವರ್ಷದಿಂದ ನನ್ನ ಕಣ್ಣಿಗೆ ಪೊರೆ ಬಂದಿದೆ. ಬಿಳಿ ಬಟ್ಟೆಯ ಮೇಲೆ ಬಿಳಿ ದಾರ ನನಗೆ ಹಾಲಿನಲ್ಲಿ ಹಾಲು ಹುಡುಕಿದ ಹಾಗೆ. ಪೋಲೆಂಡಿನಿಂದ, ವಿಯೆನ್ನಾದಿಂದ ಜನ ಬ್ಲಾಝೆನಾ ಅಜ್ಜಿಯ ಕೈಹೊಲಿಗೆಯೇ ಬೇಕು ಎಂದು ಬರುತ್ತಾರೆ. ನಾಲ್ಕನೇ ತರಗತಿ ಓದಿದವಳಿಗೆ ಇನ್ನೇನು ಹೆಸರಿದೆ ಹೇಳು. ನಿನ್ನ ಅಪ್ಪ ಕೆಲಸಕ್ಕೆ ಹೋದ ಮೇಲೆ ಮಿಷನ್ ತೆಗೆದು ಕಾಜಾ ಹಾಕುತ್ತಿದ್ದೆ. ಮೇಲುಗಡೆ ಕೈಯಿಂದ ನಾಲ್ಕು ಸುತ್ತು ಸುತ್ತಿ ಮುಚ್ಚುತ್ತಿದ್ದೆ. ನೀನು ಕೋಟು ತೆಗೆದುಕೊಂಡು ಹೋದಾಗ ಒಳಮೈ ನೋಡಿದ್ದೆ, ನನಗೆ ಗೊತ್ತು. ನನ್ನ ಕೆನ್ನೆಗೊಂದು ಮುತ್ತು ಕೊಟ್ಟು, ಅದನ್ನೇ ಹಾಕಿಕೊಂಡು ಹೋಗಿ ನಿಂತೆ. ಅದು ಯಾಕೋ ಮಹಾರಾಯ? ಬಿಚ್ಚಿ ನೀನೇ ಹೊಲಿದುಕೊಳ್ಳಬಹುದಿತ್ತಲ್ಲ. ನನಗೆ ಗೊತ್ತಾದರೆ ನೋಯುತ್ತೇನೆಂದೇ? ನನ್ನ ನೋವಿಗೆ ಇಷ್ಟು ಬೆಲೆ ಕೊಡಬೇಡ. ನಾನು ಎರಡು ವರ್ಷ ನಿನ್ನನ್ನು ಮನೆಯಿಂದ ಆಚೆ ನಿಲ್ಲಿಸಿ ಹೊಟ್ಟೆ ತುಂಬ ಉಂಡಿದ್ದೇನೆ.

ಇವತ್ತು ಹೇಳುತ್ತೇನೆ. ಮಧ್ಯಾಹ್ನ ಎಲ್ಲರೂ ಕೋಟಿನ ಅಳತೆ ಸರಿಮಾಡಿಸಿಕೊಳ್ಳಲು ಇಲ್ಲಿಗೇ ಬರುತ್ತಾರೆ. ಹೇಳದಿದ್ದರೆ ಈ ಕಾಗದವನ್ನು ನಿನಗೆ ಕಳಿಸುವುದಿಲ್ಲ, ಅಂದರೆ ಇದು ನಿನ್ನ ಕೈಗೆ ಬಂದಿದ್ದರೆ ಹೇಳಿದ್ದೇನೆ ಎಂದು ತಿಳಿ.

ಹೊಟ್ಟೆ ಗಟ್ಟಿ ಇಟ್ಟುಕೋ, ಹಲ್ಲು ಕೀಳಿಸಿಕೋ, ದೇವರು ನಿನ್ನ ಟ್ರಾಮಿಗೆ ಯಾರನ್ನೂ ಅಡ್ಡ ತಾರದಿರಲಿ. ಸ್ಟಿಬೋರ್ ಗಸಗಸೆ ಬನ್ನು ಕಳಿಸುತ್ತೇನೆ ಎಂದಿದ್ದಾನೆ. ನಂಬಬೇಡ, ದಾರಿಯಲ್ಲಿ ತಾನೇ ತಿನ್ನುತ್ತಾನೆ.

ನಿನ್ನ ಅಜ್ಜಿ,
ಬ್ಲಾಝೆನಾ

ಮರೆತು ಹೋಗುವ ಮುಂಚೆ: ಹೇಳಿದೆ. ಈಗ ನಾಲ್ಕು ಗಂಟೆ, ಅಂಚೆಯವನು ಐದಕ್ಕೆ ಬರುತ್ತಾನೆ, ಅವಸರದಲ್ಲಿ ಗೀಚುತ್ತಿದ್ದೇನೆ, ಅಕ್ಷರ ಹೇಗಿದ್ದರೂ ಓದಿಕೋ. ಎಲ್ಲರೂ ಕೂತಿದ್ದರು. "ಕ್ರಿಶ್ಟೋಫನ ಕಾಜಾ ನನ್ನದು" ಎಂದೆ. ನಿನ್ನ ಅಪ್ಪ ತಾನು ತೊಟ್ಟಿದ್ದ ಕೋಟಿನ ಅಂಚನ್ನು ಮೆಲ್ಲಗೆ ಮಗುಚಿ ನೋಡಿದ. ಅಮ್ಮ ಹೊಲಿದದ್ದು ಎಂದು ಇಷ್ಟು ದಿನ ಅಂಥ ಯಾವ ಕೋಟನ್ನೂ ಮಗುಚಿ ನೋಡಿಯೇ ಇರಲಿಲ್ಲ. "ಅಮ್ಮಾ, ನಂದೂನಾ?" ಎಂದ. "ನಿಂದೇ ಮೊದಲು" ಎಂದೆ. "ಎಷ್ಟು ಕೋಟು?" ಎಂದ. "ಇಲ್ಲಿ ಕೂತವರಲ್ಲಿ ಒಂಬತ್ತು" ಎಂದೆ. ಸ್ಟಿಬೋರ್, "ಹಾಗಾದ್ರೆ ಪ್ರಶ್ಯದವರು ಬರೋ ಮುಂಚೆನೇ ಸೋತಿದ್ದೀವಿ" ಎಂದು ನಕ್ಕ. ನಿನ್ನ ಅಪ್ಪ ಜುಲೈ ಮೂರಕ್ಕೆ ಸಾಲಿನಲ್ಲಿ ನಿಲ್ಲುವವರ ಪಟ್ಟಿ ತೆಗೆದು ಪೆನ್ಸಿಲ್ಲಿನಿಂದ ಮೊದಲು ತನ್ನ ಹೆಸರನ್ನೇ ಹೊಡೆದುಹಾಕಿದ, ಆಮೇಲೆ ಉಳಿದ ಎಂಟು. ನನಗೆ ಬೈಯಲೇ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿಕೊಂಡು, "ಹನ್ನೆರಡು ವರ್ಷಕ್ಕೇ ನಿನ್ನ ಪಕ್ಕ ಕೂತು ಕೈಯಲ್ಲಿ ಕಾಜಾ ಹಾಕ್ತಿದ್ದ ಅವನು. ಮಿಷನ್ನಿಗೆ ಹಾಕಿದೆ ಅಂದಾಗ ನಾನು ಅದು ಹೇಗೆ ನಂಬಿದೆ?" ಎಂದ. ನನ್ನನ್ನು ಕೇಳಿದ್ದಲ್ಲ ಅದು.

ಈಗ ಅಡಿಗೆಮನೆಯಲ್ಲಿ ಒಂಬತ್ತು ಗಂಡಸರು ಕಾಜಾ ಬಿಚ್ಚುತ್ತಿದ್ದಾರೆ. ಸೂಜಿಗೆ ದಾರ ಪೋಣಿಸುವುದಕ್ಕೂ ಒಬ್ಬನಿಗೂ ಬರುವುದಿಲ್ಲ. ಶನಿವಾರ ಬೆಳಗಿನ ಗಾಡಿಗೆ ನಿನ್ನ ಅಪ್ಪ ಡ್ರೆಸ್ಡೆನ್ನಿಗೆ ಹೊರಟಿದ್ದಾನೆ. ಕೋಟು ಕೈಯಲ್ಲಿ ಹಿಡಿದು ಬರುತ್ತಾನೆ, ಕಾಜಾ ಹೇಗೆ ಹಾಕುವುದು ತೋರಿಸು ಎನ್ನುತ್ತಾನೆ. ಕ್ಷಮಿಸು ಎನ್ನಲು ಅವನಿಗೆ ಬರುವುದು ಅಷ್ಟೇ. ಬಾಗಿಲು ತೆಗಿ. ಆದರೆ ತಕ್ಷಣ ಕರಗಬೇಡ, ಕಾಫಿ ಕೊಟ್ಟು ಅರ್ಧ ಗಂಟೆ ಸುಮ್ಮನೆ ಕೂರಿಸು. ನನ್ನನ್ನು ಮಾತ್ರ ಅಷ್ಟು ಹೊತ್ತು ಕಾಯಿಸಬೇಡ.